ಅಹವಾಲಿಗೂ ಎಡೆಯಿಲ್ಲದ ಊರು

ಕಾರ್ಖಾನೆಯೊಂದು ಬರುವ ಮುನ್ನ ಸುತ್ತಲಿನವರ ಮಾತು ಕೇಳುವ ಸಭೆಯನ್ನು ಕರ್ನಾಟಕದಲ್ಲಿ ‘ಸಾರ್ವಜನಿಕ ಅಹವಾಲು’ ಎನ್ನುತ್ತಾರೆ. ಇಲ್ಲಿನ ತೆಲುಗು ಪತ್ರಿಕೆಗಳಲ್ಲಿ ಅದು ‘ಪ್ರಜಾಭಿಪ್ರಾಯ ಸೇಕರಣ’. ಒಂದರಲ್ಲಿ ಪ್ರಜೆ ಬಿನ್ನವಿಸುತ್ತಾನೆ, ಇನ್ನೊಂದರಲ್ಲಿ ಅಧಿಕಾರಿ ಸಂಗ್ರಹಿಸುತ್ತಾನೆ. ತೀರ್ಮಾನ ಎರಡರಲ್ಲೂ ಬೇರೆಯವರದು. ಜೀಡಿಮೆಟ್ಲಾದ ನಿವಾಸಿಗಳಿಗೆ ಆ ಬಿನ್ನಹದ ಅವಕಾಶವೂ ಬಹುಮಟ್ಟಿಗೆ ಇಲ್ಲ.

1997ರ ತಿದ್ದುಪಡಿಯಿಂದ ದೊಡ್ಡ ಯೋಜನೆಗಳಿಗೆ ಇಂಥ ಸಭೆ ಕಡ್ಡಾಯವಾಯಿತು. 2006ರ ಅಧಿಸೂಚನೆ 30 ದಿನಗಳ ಮುನ್ಸೂಚನೆಯನ್ನೂ ಸ್ಥಳೀಯ ಭಾಷೆಯಲ್ಲಿ ವರದಿಯ ಸಾರಾಂಶವನ್ನೂ ವಿಧಿಸಿತು. ಆದರೆ ಅದೇ ಅಧಿಸೂಚನೆ ಅನುಮೋದಿತ ಕೈಗಾರಿಕಾ ವಸಾಹತುಗಳೊಳಗಿನ ಯೋಜನೆಗಳಿಗೆ ವಿನಾಯಿತಿಯನ್ನೂ ಕೊಟ್ಟಿತು. 2006ಕ್ಕೆ ಮೊದಲೇ ಘೋಷಿತವಾದ ವಸಾಹತುಗಳಿಗೂ ಅದು ಸಲ್ಲುತ್ತದೆಂದು ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಹೇಳಿತು.

ವಸಾಹತಿಗೆ ಒಮ್ಮೆ ಒಪ್ಪಿಗೆ ದೊರೆತ ಮೇಲೆ ಪ್ರತಿ ಘಟಕಕ್ಕೂ ಮತ್ತೆ ಕೇಳುವುದೇಕೆ ಎಂಬುದು ಇದರ ಹಿಂದಿನ ತರ್ಕ. ಕಾರ್ಖಾನೆಗಳು ಊರೂರಿಗೆ ಚದುರುವುದಕ್ಕಿಂತ ಒಂದೆಡೆ ಇರುವುದು ಲೇಸೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಜೀಡಿಮೆಟ್ಲಾ ವಸಾಹತು ಎದ್ದಾಗ ಜನರನ್ನು ಕೇಳುವ ಕಾನೂನೇ ಇರಲಿಲ್ಲ. ಇಂದು ಅದರ ಸುತ್ತ ಇರುವ ಬಡಾವಣೆಗಳಲ್ಲಿ ಹಲವು ಅಂದು ಇರಲಿಲ್ಲ. ಎಂದೂ ಕೇಳದ ಒಪ್ಪಿಗೆಯನ್ನು ಕೊಟ್ಟಾಯಿತೆಂದು ಎಣಿಸುವುದು ಯಾವ ನ್ಯಾಯ? ವಿನಾಯಿತಿಯ ಗೆರೆ ಬೇಲಿಗೆ ನಿಲ್ಲುತ್ತದೆ; ಔಷಧಿ, ರಾಸಾಯನಿಕ ಘಟಕಗಳ ನಾತ ನಿಲ್ಲುವುದಿಲ್ಲ. ಇಲ್ಲಿ ಸಂಸ್ಕರಿಸಿದ ತ್ಯಾಜ್ಯನೀರೂ ಒಳಚರಂಡಿ ಹಿಡಿದು ಅಂಬರ್‌ಪೇಟೆಯತ್ತ, ಮೂಸಿಯತ್ತ ಸಾಗುತ್ತದೆ.

‘ಬದುಕು ಅರಸಿ ಬಂದವರು ನಾವು, ನಮಗೇಕೆ ಈ ಗೊಡವೆ?’ ಎನ್ನುವ ಬಂಧುಗಳು ನಮ್ಮಲ್ಲಿದ್ದಾರೆ. ಅಂಥವರು 2020ನ್ನು ನೆನೆಯಬೇಕು. ಮುನ್ಸೂಚನೆಯ ಅವಧಿಯನ್ನು 20 ದಿನಗಳಿಗೆ ಇಳಿಸಹೊರಟ ಕರಡು ಅಧಿಸೂಚನೆ ಹಿಂದಿ, ಇಂಗ್ಲಿಷುಗಳಲ್ಲಷ್ಟೇ ಹೊರಬಂತು. ಅದನ್ನು ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಜೂನ್‌ನಲ್ಲಿ ಆದೇಶಿಸಿತು. ಜನರ ಭಾಷೆಗಳಲ್ಲಿ ಪ್ರಚಾರವಾಗಿಲ್ಲವೆಂಬ ದೂರಿನ ಮೇಲೆ ಆಗಸ್ಟ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅಂತಿಮ ಪ್ರಕಟಣೆಯನ್ನು ತಾತ್ಕಾಲಿಕವಾಗಿ ತಡೆಯಿತು. ನುಡಿಯೆಂದರೆ ರಾಜ್ಯೋತ್ಸವದ ತೋರಣ ಮಾತ್ರವಲ್ಲ, ನಿರ್ಣಯದ ಬಾಗಿಲಿನ ಬೀಗದಕೈಯೂ ಹೌದೆಂಬುದು ಅಂದು ಸ್ಪಷ್ಟವಾಯಿತು.

ಬಡಾವಣೆಗಳು ಬೆಳೆದು ನಿಂತಿರುವ ಕಡೆಗಳಲ್ಲಾದರೂ ಈ ವಿನಾಯಿತಿ ರದ್ದಾಗಬೇಕು. ಅಲ್ಲಿಯವರೆಗೆ 2005ರ ಮಾಹಿತಿ ಹಕ್ಕು ಕಾಯಿದೆ ನಮ್ಮ ಕೈಯಲ್ಲಿದೆ: ಯಾವ ಘಟಕಕ್ಕೆ ಯಾವ ಷರತ್ತಿನ ಮೇಲೆ ಸಮ್ಮತಿ ದೊರೆತಿದೆಯೆಂದು ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಬಹುದು. ನೆರೆಯ ತೆಲುಗರೊಡನೆ, ಉರ್ದು ಭಾಷಿಕರೊಡನೆ ಕೂಡಿ ಕೇಳೋಣ. ಉಸಿರಾಡುವ ಗಾಳಿ ಒಂದೇ ಆಗಿರುವಾಗ ಹೊರನಾಡು ಎಂಬ ಮಾತಿಗೆ ಅರ್ಥವಿಲ್ಲ.