ಕೆಂಪು ಸಿಲಿಂಡರು ಮತ್ತು ಹಿಂಬಾಗಿಲ ಬೀಗ

ವರ್ಷಕ್ಕೊಮ್ಮೆ ಶಾಲೆಗಳಲ್ಲಿಯೂ ವಸತಿ ಸಮುಚ್ಚಯಗಳಲ್ಲಿಯೂ ನಡೆಯುವ ಅಗ್ನಿಸುರಕ್ಷತಾ ತಪಾಸಣೆ ಈಗ ವಾರ್ಷಿಕ ಶ್ರಾದ್ಧದಂತಾಗಿದೆ. ತಿಥಿ ಮೊದಲೇ ಗೊತ್ತು, ಬರುವವರು ಯಾರೆಂಬುದೂ ಗೊತ್ತು. ಗೋಡೆಯ ಮೇಲಿನ ಕೆಂಪು ಸಿಲಿಂಡರಿನ ಧೂಳು ಒರೆಸಲಾಗುತ್ತದೆ, ಅದರ ಚೀಟಿಯಲ್ಲಿ ಹೊಸ ದಿನಾಂಕ ಬರೆಯಲಾಗುತ್ತದೆ, ಕಾಫಿ ಸೇವನೆಯಾಗುತ್ತದೆ, ಕಾಗದಕ್ಕೆ ಮೊಹರು ಬೀಳುತ್ತದೆ. ಮುಂದಿನ ತಪಾಸಣೆಯವರೆಗೆ ಈ ಕಡೆ ಸುಳಿಯಕೂಡದೆಂದು ಅಗ್ನಿದೇವನಿಗೆ ನೋಟೀಸು ಜಾರಿಯಾದಂತೆ ಎಲ್ಲರೂ ನಿಶ್ಚಿಂತರಾಗುತ್ತಾರೆ.

ಮಾತು ಕಟುವಾಯಿತೆಂದು ಕೆಲವರಿಗೆ ಅನ್ನಿಸಬಹುದು. ಮೂರು ದಶಕಗಳಿಗೂ ಮಿಕ್ಕಿ ಪ್ರೌಢಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ಇಂತಹ ತಪಾಸಣೆಗಳನ್ನು ಹತ್ತಿರದಿಂದ ಕಂಡವನು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಸಿಲಿಂಡರು ಇದ್ದದ್ದು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನ ಪಕ್ಕದಲ್ಲಿ. ಹೊರಗಿಟ್ಟರೆ ಹುಡುಗರು ಪಿನ್ನು ಕಿತ್ತು ಆಟವಾಡುತ್ತಾರೆಂಬ ಭಯ! ಸಾಹೇಬರು ಕೊಠಡಿಗೆ ಬೀಗ ಹಾಕಿ ಮೀಟಿಂಗಿಗೆ ಹೋದರೆ ಸಿಲಿಂಡರೂ ಬೀಗದೊಳಗೆ. ವರಾಂಡದಲ್ಲಿದ್ದ ಕೆಂಪು ಬಕೆಟ್ಟುಗಳಲ್ಲಿ ಮರಳಿಗಿಂತ ಪೆನ್ಸಿಲು ಚೂರು, ಕಡಲೆಕಾಯಿ ಸಿಪ್ಪೆಗಳೇ ಹೆಚ್ಚು. ಹುಡುಗರು ತಪ್ಪಿಸಿಕೊಂಡು ಹೋಗಬಾರದೆಂದು ಹಿಂದಿನ ಮೆಟ್ಟಿಲಿನ ಗ್ರಿಲ್ ಬಾಗಿಲಿಗೆ ಬೆಳಗಿನ ಪ್ರಾರ್ಥನೆ ಮುಗಿದೊಡನೆ ಬೀಗ ಬೀಳುತ್ತಿತ್ತು. ಇಷ್ಟೆಲ್ಲ ಇದ್ದೂ ಪ್ರಮಾಣಪತ್ರ ತಪ್ಪದೆ ಬರುತ್ತಿತ್ತು. ಬಂದವರು ಸಿಲಿಂಡರು ಎಷ್ಟಿವೆಯೆಂದು ಕೇಳಿದರು. ಆ ಬೀಗದ ಕೀಲಿ ಯಾರ ಬಳಿ ಇದೆಯೆಂದು ಒಬ್ಬರೂ ಕೇಳಲಿಲ್ಲ.

ನನ್ನ ತಕರಾರು ಇಷ್ಟೇ. ಶಾಲೆಯಲ್ಲಿ ತೂಗುಹಾಕುವ ನಾಲ್ಕಾರು ಕಿಲೋ ಪುಡಿಯ ಸಿಲಿಂಡರು ಅದುಮಿದರೆ ಅರ್ಧ ನಿಮಿಷದೊಳಗೆ ಬರಿದಾಗುತ್ತದೆ. ಕಸದ ಬುಟ್ಟಿಯ ಬೆಂಕಿಗೆ, ಸ್ವಿಚ್ ಬೋರ್ಡಿನ ಕಿಡಿಗೆ ಅದು ಸಾಕು. ಬೆಂಕಿ ಕೈಮೀರಿದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಒಳಗಿರುವವರು ಹೊರಗೆ ಬರಬಲ್ಲರೇ? ನಮ್ಮ ತಪಾಸಣೆ ಈ ಪ್ರಶ್ನೆಯನ್ನೇ ಕೇಳುವುದಿಲ್ಲ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ 94 ಮಕ್ಕಳು ಬೆಂದುಹೋದರು. ಮಧ್ಯಾಹ್ನದೂಟದ ಅಡುಗೆಮನೆಯ ಬೆಂಕಿ ಹುಲ್ಲಿನ ಮಾಡಿಗೆ ಹತ್ತಿ, ಮೇಲಿನ ಮಹಡಿಯಲ್ಲಿದ್ದ ಪುಟ್ಟ ಮಕ್ಕಳ ತರಗತಿಗಳನ್ನು ಆವರಿಸಿತು. ಇಳಿಯಲು ಇದ್ದದ್ದು ಇಕ್ಕಟ್ಟಾದ ಮೆಟ್ಟಿಲು. ಆ ಶಾಲೆಗೆ ಮಾನ್ಯತೆಯಿತ್ತು. ಮುಂದೆ ಮೊಕದ್ದಮೆ ನಡೆದಾಗ ಕಟ್ಟಡ ಯೋಗ್ಯವಾಗಿದೆಯೆಂದು ಪ್ರಮಾಣಪತ್ರ ಬರೆದುಕೊಟ್ಟ ಇಂಜಿನಿಯರರೂ ಆರೋಪಿಗಳ ಸಾಲಿನಲ್ಲಿ ನಿಂತರು. ಕಾಗದಗಳೆಲ್ಲ ಇದ್ದವು, ಸ್ವಾಮಿ, ಇಲ್ಲದಿದ್ದದ್ದು ದಾರಿ.

ಆ ದುರಂತದ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ 2009ರ ಏಪ್ರಿಲ್‌ನಲ್ಲಿ ತೀರ್ಪು ಬಂದಿತು. ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಅಡಕವಾಗಿದೆಯೆಂದು ನ್ಯಾಯಾಲಯ ಹೇಳಿತು. ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಪಾಲಿಸಬೇಕು, ಅಗ್ನಿಶಾಮಕ ಉಪಕರಣಗಳಿರಬೇಕು, ಸಿಬ್ಬಂದಿಗೆ ಅವುಗಳ ಬಳಕೆಯ ತರಬೇತಿಯಾಗಬೇಕು ಎಂದು ಆದೇಶಿಸಿತು. ಸೊಗಸಾದ ತೀರ್ಪು. ನಮ್ಮವರು ಅದರಿಂದ ಆಯ್ದುಕೊಂಡದ್ದು ಉಪಕರಣವನ್ನು ಮಾತ್ರ, ಏಕೆಂದರೆ ಅದಕ್ಕೆ ಅಂಗಡಿಯಲ್ಲಿ ರಸೀದಿ ಸಿಗುತ್ತದೆ. ಹತ್ತು ವರ್ಷ ಕಳೆದು 2019ರ ಮೇ 24ರಂದು ಸೂರತ್ತಿನ ಕೋಚಿಂಗ್ ತರಗತಿಯಲ್ಲಿ 22 ವಿದ್ಯಾರ್ಥಿಗಳು ಸತ್ತರು. ಮೇಲಂತಸ್ತಿಗಿದ್ದ ಮರದ ಮೆಟ್ಟಿಲೇ ಸುಟ್ಟುಹೋಗಿ ಮಕ್ಕಳು ಕಿಟಕಿಯಿಂದ ಧುಮುಕುವುದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು.

ಕರ್ನಾಟಕದಲ್ಲಿ ಮಾನ್ಯತೆ ನವೀಕರಣಕ್ಕೆ ಅಗ್ನಿಸುರಕ್ಷತಾ ಪತ್ರ ಕೇಳಿದಾಗ ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಆಕ್ಷೇಪವೆತ್ತಿದವು. ಹಳೆಯ ಕಟ್ಟಡಗಳಿಗೆ ಹೊಸ ನಿಯಮ ಹೊಂದದು, ಖರ್ಚು ಭರಿಸಲಾಗದು ಎಂಬುದು ಅವರ ವಾದ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಹಳ್ಳಿಯ ಬಡ ಶಾಲೆಗೆ ಮಹಾನಗರದ ಬಹುಮಹಡಿಯ ಪಟ್ಟಿಯನ್ನೇ ಕೊಟ್ಟು ಪೂರೈಸೆಂದರೆ ಅದು ಲಂಚಕ್ಕೆ ಹಾಸಿದ ರತ್ನಗಂಬಳಿ. ಆದರೆ ಹಿಂಬಾಗಿಲ ಬೀಗ ತೆಗೆಯಲು ಎಷ್ಟು ಖರ್ಚು? ಮೆಟ್ಟಿಲ ಕೆಳಗೆ ಪೇರಿಸಿದ ಮುರುಕು ಬೆಂಚುಗಳನ್ನು ಹರಾಜು ಹಾಕಿದರೆ ನಾಲ್ಕು ಕಾಸು ಬಂದೀತೇ ಹೊರತು ಹೋಗದು. ಒಳಮುಖವಾಗಿ ತೆರೆಯುವ ಬಾಗಿಲನ್ನು ಹೊರಮುಖ ಮಾಡಲು ಬಡಗಿಯ ಒಂದು ದಿನದ ಕೂಲಿ ಸಾಕು. ಒಳಮುಖದ ಬಾಗಿಲಿಗೆ ಐವತ್ತು ಮಕ್ಕಳು ಒಮ್ಮೆಲೇ ನುಗ್ಗಿದರೆ ಆ ಒತ್ತಡಕ್ಕೆ ಅದು ತೆರೆಯುವುದೇ ಇಲ್ಲ. ಇದನ್ನು ತಿಳಿಯಲು ಬಿ.ಎಡ್. ಬೇಕಿಲ್ಲ.

ಶಾಲೆಗಳನ್ನು ದೂರುವ ಪೋಷಕ ಮಹಾಶಯರ ಮನೆಗಳಾದರೂ ಹೇಗಿವೆ? ಅಪಾರ್ಟ್‌ಮೆಂಟಿನ ಮೆಟ್ಟಿಲಿನಲ್ಲಿ ಚಪ್ಪಲಿ ಗೂಡು, ಸೈಕಲ್ಲು, ರದ್ದಿ ಪೇಪರಿನ ಕಟ್ಟು. ತಾರಸಿಯ ಬಾಗಿಲಿಗೆ ಬೀಗ, ಕೀಲಿ ಸಂಘದ ಕಾರ್ಯದರ್ಶಿಗಳ ಬಳಿ, ಕಾರ್ಯದರ್ಶಿಗಳು ಅಮೆರಿಕದ ಮಗಳ ಮನೆಯಲ್ಲಿ! ಕಳ್ಳರ ಭಯಕ್ಕೆ ಬಾಲ್ಕನಿಗೆಲ್ಲ ಕಬ್ಬಿಣದ ಸರಳು. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿಗೆ ಬೆಂಕಿ ಬಿದ್ದಾಗ ತಾಯಿ ಮಗಳಿಬ್ಬರು ತೀರಿಕೊಂಡರು. ಬಾಲ್ಕನಿಯ ಸರಳುಗಳ ಹಿಂದೆ ಸಿಕ್ಕಿಕೊಂಡ ಹೆಂಗಸನ್ನು ಜನ ಕೆಳಗೆ ನಿಂತು ನೋಡಬೇಕಾಯಿತು. ಆ ವಾರ ಎಲ್ಲರೂ ಮರುಗಿದೆವು. ಸರಳು ಕೊಯ್ಯಿಸಿ ತೆರೆಯುವ ಬಾಗಿಲಿಟ್ಟವರು ನನ್ನ ಬೀದಿಯಲ್ಲಿ ಯಾರೂ ಕಾಣೆ. ವಾರ್ಷಿಕ ತಪಾಸಣೆಗೆ ಬಂದವರು ಈ ಸರಳಿನ ಬಗ್ಗೆ ಒಂದು ಸಾಲು ಬರೆದರೆ ಸಂಘದಲ್ಲಿ ಗಲಾಟೆಯಾಗುತ್ತದೆ. ಆದ್ದರಿಂದ ಅವರೂ ಬರೆಯುವುದಿಲ್ಲ.

ತಪಾಸಣೆ ಬೇಡವೆಂದು ನಾನು ಹೇಳುತ್ತಿಲ್ಲ, ಅದು ನಡೆಯಲಿ ಎನ್ನುತ್ತಿದ್ದೇನೆ. ಅಧಿಕಾರಿಗಳು ಹೇಳದೆ ಬರಲಿ. ಬಂದವರು ಕಡತ ಕೇಳುವ ಮೊದಲು ಗಂಟೆ ಹೊಡೆಸಲಿ, ಕೈಗಡಿಯಾರ ನೋಡುತ್ತ ಅಂಗಳದಲ್ಲಿ ನಿಲ್ಲಲಿ. ಕೊನೆಯ ಮಗು, ಕೊನೆಯ ಅಜ್ಜಿ ಹೊರಬರಲು ಎಷ್ಟು ನಿಮಿಷ ಹಿಡಿಯಿತು, ಯಾವ ಬಾಗಿಲು ತೆರೆಯಲಿಲ್ಲ ಎಂಬುದನ್ನು ಬರೆದು ಗೇಟಿನ ಪಕ್ಕದ ಕಪ್ಪು ಹಲಗೆಯಲ್ಲಿಯೇ ಹಾಕಲಿ. ಮಕ್ಕಳು ಹೆದರುತ್ತಾರೆಂದು ಕೆಲವು ಸಹೋದ್ಯೋಗಿಗಳು ಹೇಳಿಯಾರು. ಸ್ವಾತಂತ್ರ್ಯ ದಿನದ ಕವಾಯತಿಗೆ ಹದಿನೈದು ದಿನ ಬಿಸಿಲಲ್ಲಿ ನಿಲ್ಲುವ ಮಕ್ಕಳು ಐದು ನಿಮಿಷದ ಈ ಕವಾಯತಿಗೆ ಹೆದರುವವರಲ್ಲ.

ಈ ವರ್ಷ ಪೋಷಕರ ಸಭೆಗೆ ಹೋಗುವವರು ಅಂಕಪಟ್ಟಿ ಕೇಳುವ ಮುನ್ನ ಎರಡು ಪ್ರಶ್ನೆ ಕೇಳಿರಿ. ಕಳೆದ ಬಾರಿ ಶಾಲೆ ಖಾಲಿಯಾಗಲು ಎಷ್ಟು ನಿಮಿಷ ಹಿಡಿಯಿತು? ಹಿಂಬಾಗಿಲ ಕೀಲಿ ಈಗ ಯಾರ ಜೇಬಿನಲ್ಲಿದೆ?