ಸಂಶೋಧನಾ ಪ್ರಸ್ತಾವನೆ: ವಿಷಯವಿದೆ, ಪ್ರಶ್ನೆಯೇ ಇಲ್ಲ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಲ್ಲಿ ನೌಕರಿ ಮಾಡುತ್ತಲೇ ಪಿಎಚ್.ಡಿ. ಪಡೆಯಬಯಸುವವರಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಾವಳಿ ಅರೆಕಾಲಿಕ ಸಂಶೋಧನೆಯ ಅವಕಾಶ ನೀಡಿದೆ. ದೂರದ ಮಾತೂ ಈಗ ನೆಪವಾಗದು. 1999ರಲ್ಲಿ ಆರಂಭವಾದ ಐಐಐಟಿ-ಬೆಂಗಳೂರು ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇದೆ. ಆದರೂ ಅನೇಕರ ಕನಸು ಮುಗ್ಗರಿಸುವುದು ಸಂಶೋಧನಾ ಪ್ರಸ್ತಾವನೆಯ ಹೊಸ್ತಿಲಲ್ಲಿ.

ಇಂಗ್ಲಿಷ್ ಬಾರದಿರುವುದು ಇದಕ್ಕೆ ಮುಖ್ಯ ಕಾರಣವಲ್ಲ. ವಿಷಯವನ್ನೇ ಪ್ರಶ್ನೆಯೆಂದು ಭಾವಿಸುವುದೇ ಮೂಲ ದೋಷ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಹಿಂದಿನ ಅಧ್ಯಯನಗಳಲ್ಲೇ ದಾಖಲಾಗಿದೆ. ‘ಪೀಣ್ಯದ ಜಲಮಾಲಿನ್ಯ: ಒಂದು ಅಧ್ಯಯನ’ ಎಂಬುದು ಬರೀ ಶೀರ್ಷಿಕೆ. ಮುಂಗಾರಿನ ಮೊದಲು ಮತ್ತು ನಂತರ ಆಯ್ದ ಕೊಳವೆಬಾವಿಗಳಲ್ಲಿ ಕ್ರೋಮಿಯಂ ಪ್ರಮಾಣ ಎಷ್ಟು ಬದಲಾಗುತ್ತದೆ, ಲೀಟರಿಗೆ 0.05 ಮಿಲಿಗ್ರಾಂ ಎಂಬ ಕುಡಿಯುವ ನೀರಿನ ಮಿತಿಯನ್ನು ಎಲ್ಲಿ ಮೀರುತ್ತದೆ ಎಂದು ಕೇಳಿದಾಗ ಅದು ಪ್ರಶ್ನೆಯಾಗುತ್ತದೆ. ಎಷ್ಟು ಮಾದರಿ, ಯಾವ ಪ್ರಯೋಗಾಲಯ, ಯಾರ ಅನುಮತಿ ಎಂಬುದೂ ಆಗಲೇ ಹೊಳೆಯುತ್ತದೆ. ಮಳೆಗಾಲ ಯಾರಿಗೂ ಕಾಯುವುದಿಲ್ಲ. ಅನುಮತಿ ತಡವಾಗಿ ಒಂದು ಮುಂಗಾರು ಕೈತಪ್ಪಿದರೆ ಒಂದು ವರ್ಷವೇ ಹೋದಂತೆ. ನಿಯಮದಂತೆ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು.

ಐಟಿ ನೌಕರರ ತೊಡಕು ಬೇರೆ. ಕಚೇರಿಯಲ್ಲಿ ನಿತ್ಯ ಕಾಣುವ ದತ್ತಾಂಶವನ್ನೇ ನಂಬಿ ಪ್ರಸ್ತಾವನೆ ಬರೆಯುವವರುಂಟು. ಆ ದತ್ತಾಂಶ ಕಂಪನಿಯ ಸೊತ್ತು. ಮಹಾಪ್ರಬಂಧವಾದರೋ ಸಾರ್ವಜನಿಕ ದಾಖಲೆ. ಪದವಿ ಪಡೆದ ಪ್ರಬಂಧಗಳು ‘ಶೋಧಗಂಗಾ’ ಜಾಲತಾಣ ಸೇರಿ ಎಲ್ಲರಿಗೂ ತೆರೆದುಕೊಳ್ಳುತ್ತವೆ. ಅರೆಕಾಲಿಕ ಅಭ್ಯರ್ಥಿ ಸಲ್ಲಿಸಬೇಕಾದ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಸಂಶೋಧನೆಗೆ ಸಮಯ ದೊರೆಯುವ ಭರವಸೆ ನೀಡುತ್ತದೆ. ಅಗತ್ಯವಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುವು ಕೊಡುವ ಮಾತೂ ಅದರಲ್ಲಿರಬೇಕು. ದತ್ತಾಂಶ ಬಳಸುವ ಹಕ್ಕನ್ನು ಮಾತ್ರ ಅದು ತಾನಾಗಿಯೇ ಕೊಡುವುದಿಲ್ಲ. ಆ ಒಪ್ಪಿಗೆಯನ್ನು ಮೊದಲೇ ಲಿಖಿತವಾಗಿ ಪಡೆಯದವರು ಮೂರನೆಯ ವರ್ಷದಲ್ಲಿ ವಿಷಯವನ್ನೇ ಬದಲಿಸಬೇಕಾದೀತು.

ಬರೆಯುವ ಮುನ್ನ ‘ಶೋಧಗಂಗೋತ್ರಿ’ಯಲ್ಲಿರುವ ಅನುಮೋದಿತ ಸಾರಲೇಖಗಳನ್ನು ತಿರುವಿಹಾಕುವುದು ಲೇಸು. ಬೇರೆಯವರು ಎಲ್ಲಿ ನಿಂತಿದ್ದಾರೆಂದು ತಿಳಿದರೆ ತಾನು ಎಲ್ಲಿಂದ ಹೊರಡಬೇಕೆಂಬುದು ಸ್ಪಷ್ಟವಾಗುತ್ತದೆ. ಮಾರ್ಗದರ್ಶಕರೂ ಹೊಣೆ ಹೊರಬೇಕು. ಅಸ್ಪಷ್ಟ ಪ್ರಸ್ತಾವನೆಗೆ ಇಂದು ಸಹಿ ಹಾಕುವುದು ಔದಾರ್ಯವೆನಿಸಬಹುದು. ಆದರೆ ಅದರ ಬೆಲೆಯನ್ನು ರಾತ್ರಿ ಪಾಳಿ ಮುಗಿಸಿ ಓದಲು ಕೂರುವ ನೌಕರ ತನ್ನ ಆಯುಷ್ಯದ ವರ್ಷಗಳಲ್ಲಿ ತೆರುತ್ತಾನೆ.