ಹಾಸಿಗೆಯೂ ಕಾಲೂ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ಆದರೆ ಬ್ಯಾಂಕಿನವರೇ ಮುಂದೆ ಬಂದು, ‘ಹಾಸಿಗೆಯನ್ನು ಉದ್ದಮಾಡಿಕೊಡುತ್ತೇವೆ’ ಎಂದರೆ ಏನು ಮಾಡಬೇಕು? ನಾಳೆ ಪದವಿ ಪಡೆದು ಸಂಬಳಕ್ಕೆ ಸೇರಲಿರುವ ನಾವು ಈ ಪ್ರಶ್ನೆಯನ್ನು ಇಂದೇ ವಿಚಾರಿಸುವುದು ಲೇಸು.

ನನ್ನ ಅಣ್ಣನಿಗೆ ಮೊದಲ ಕ್ರೆಡಿಟ್ ಕಾರ್ಡು ಬಂದಾಗ ಅದರ ಮಿತಿ 20,000 ರೂಪಾಯಿ. ‘ಸಾಲ ಮನೆಬಾಗಿಲಿಗೇ ಬಂತಲ್ಲಪ್ಪ’ ಎಂದು ತಂದೆಯವರು ನೊಂದುಕೊಂಡರು. ಅಣ್ಣನಾದರೋ ಅದು ತನ್ನ ಸಂಬಳದ ಮುಂದುವರಿದ ಭಾಗವೆಂದೇ ಭಾವಿಸಿದನು. ಇಬ್ಬರೂ ಅರ್ಧಸತ್ಯವನ್ನೇ ಕಂಡರೆಂದು ನನ್ನ ಅಭಿಪ್ರಾಯ.

ಸಾಲವೆಂಬುದು ಹೀನವಾದುದಲ್ಲ, ಅದು ನಂಬಿಕೆಯ ಮೇಲೆ ನಿಂತದ್ದು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿದ್ದು ಇಂಥ ನಂಬಿಕೆಯ ಬಲದಿಂದಲೇ. ಹಳ್ಳಿಯಲ್ಲಿ ಸಾಲ ಪಡೆದವನ ನಡತೆಯನ್ನು ನೆರೆಹೊರೆಯವರು ಬಲ್ಲರು. ಬ್ಯಾಂಕಿಗೆ ಆ ನಡತೆಯನ್ನು ತಿಳಿಸುವುದು 300ರಿಂದ 900ರವರೆಗಿನ ಸಿಬಿಲ್ ಅಂಕ. ವಾಯಿದೆಯೊಳಗೆ ಹಣ ಕಟ್ಟುತ್ತ ಬಂದವನ ಅಂಕ ಕ್ರಮೇಣ ಏರುತ್ತದೆ, ತಪ್ಪಿದವನದು ಇಳಿಯುತ್ತದೆ. ಮುಂದೆ ಮನೆಸಾಲ ಕೇಳಹೋದಾಗ ಬ್ಯಾಂಕಿನವರು ನೋಡುವುದು ಇದನ್ನೇ. ಸಂಬಳವಿಲ್ಲದವರು ಕೂಡ ನಿಶ್ಚಿತ ಠೇವಣಿಯಿಟ್ಟು, ಅದರ ಆಧಾರದ ಮೇಲೆ ಕಾರ್ಡು ಪಡೆದು ಈ ನಂಬಿಕೆಯನ್ನು ಗಳಿಸತೊಡಗಬಹುದು.

ಅಣ್ಣನು ಎಡವಿದ್ದು ಬೇರೊಂದು ಕಡೆ. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂಬ ಸಣ್ಣ ಮೊತ್ತವೊಂದಿರುತ್ತದೆ. ಅಷ್ಟನ್ನೇ ಕಟ್ಟಿ ಅವನು ನಿಶ್ಚಿಂತನಾದನು. ಉಳಿದ ಬಾಕಿಗೆ ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ಬಡ್ಡಿ! ಎಂದರೆ ವರ್ಷಕ್ಕೆ 42. ಇನ್ನೂ ವಿಶೇಷವೆಂದರೆ, ಬಾಕಿಯಿರುವತನಕ ಹೊಸ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ. ಕೊನೆಗೆ ಅಮ್ಮನ ಚೀಟಿ ಹಣದಿಂದ ಆ ಲೆಕ್ಕ ತೀರಿತು. ಅಂದಿನಿಂದ ಅವನು ಪ್ರತಿ ಬಿಲ್ಲನ್ನೂ ಪೂರ್ತಿಯಾಗಿ ಕಟ್ಟುತ್ತ ಬಂದನು.

ಒಂದು ವರ್ಷ ಕಳೆದ ಮೇಲೆ ಬ್ಯಾಂಕಿನವರು ಮಿತಿಯನ್ನು 50,000ಕ್ಕೆ ಏರಿಸುವುದಾಗಿ ತಿಳಿಸಿದರು. ‘ಬೇಡವೇ ಬೇಡ’ ಎಂದರು ತಂದೆಯವರು. ‘ಒಪ್ಪಿಕೋ’ ಎಂದೆ ನಾನು. ನನ್ನ ವಾದವಿಷ್ಟೆ: 20,000ದ ಮಿತಿಯಲ್ಲಿ 15,000 ಬಳಸಿದರೆ ಮುಕ್ಕಾಲು ಪಾಲು ಬಳಸಿದಂತಾಯಿತು, ಕೈ ಬಿಗಿಯಾದವನ ಲಕ್ಷಣವದು, ಅಂಕಕ್ಕೂ ಕುಂದು. ಮಿತಿ 50,000ವಾಗಿ ಖರ್ಚು ಅಷ್ಟೇ ಉಳಿದರೆ, ಬಳಸಿದ್ದು ನೂರಕ್ಕೆ 30 ಮಾತ್ರ. ಮಿತಿ ಏರಿದ್ದರ ಫಲ ದೊರೆಯುವುದು ಖರ್ಚು ಏರದವನಿಗೇ. ತನ್ನ ಮೇಲೆ ತನಗೇ ಭರವಸೆಯಿಲ್ಲದವನು ‘ಬೇಡ’ ಎನ್ನಲಿ. ಗ್ರಾಹಕನ ಸಮ್ಮತಿಯಿಲ್ಲದೆ ಮಿತಿಯನ್ನು ಏರಿಸಬಾರದೆಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿಯೇ ವಿಧಿಸಿದೆ.

ಮಿತ್ರರೇ, ಬ್ಯಾಂಕು ಗೊತ್ತುಮಾಡುವ ಮಿತಿ ನಮ್ಮ ಯೋಗ್ಯತೆಯ ಅಳತೆಯಲ್ಲ, ನಮ್ಮ ಆದಾಯವೂ ಅಲ್ಲ. ಹಾಸಿಗೆ ಉದ್ದವಾಗುವುದಾದರೆ ಆಗಲಿ. ಕಾಲು ಎಷ್ಟು ಉದ್ದವೆಂಬುದು ನಮಗೆ ನೆನಪಿದ್ದರೆ ಸಾಕು.